ಮಹಾಯೋಜನೆಯ ರಸ್ತೆಗೆ ಸರ್ವೆ ನಂಬರ್ ಇರಲಿ

ಮಾನ್ಯರೇ,

ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲ್ಯಾನ್) ಕರಡು ಹೊರಬಿದ್ದಾಗ ಹೆಚ್ಚಿನವರು ಹುಡುಕುವುದು ತಮ್ಮ ಜಮೀನು ವಸತಿಯ ಹಳದಿಗೆ ಬಂತೋ, ಕೃಷಿಯ ಹಸಿರಿನಲ್ಲೇ ಉಳಿಯಿತೋ ಎಂಬುದನ್ನು. ರಸ್ತೆಯ ಗೆರೆಗಳತ್ತ ಕಣ್ಣು ಹಾಯುವುದೇ ಅಪರೂಪ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 12ನೇ ಸೆಕ್ಷನ್ ಪ್ರಕಾರ ಭೂಬಳಕೆ ವಲಯಗಳ ಜತೆಗೆ ಪೂರ್ಣ ರಸ್ತೆ ಜಾಲ ಮತ್ತು ಈಗಿನ, ಮುಂದಿನ ಅಗತ್ಯಕ್ಕೆ ತಕ್ಕ ಸಂಚಾರ ವ್ಯವಸ್ಥೆಯನ್ನೂ ಯೋಜನೆಯಲ್ಲಿ ತೋರಿಸಬೇಕು. ತೋರಿಸುತ್ತಾರೆ, ಬಣ್ಣದ ಗೆರೆಯಾಗಿ.

ಆ ಗೆರೆ ಹಾಳಾಗುವುದು ಬಡಾವಣೆ ಮಂಜೂರಾತಿಯಲ್ಲಿ. ಅರ್ಜಿ ಬರುವುದೇ ಎರಡೆಕರೆ, ನಾಲ್ಕೆಕರೆಯ ತುಂಡುಗಳಾಗಿ. ಒಳರಸ್ತೆಯ ಅಳತೆ, ಪಾರ್ಕಿನ ಜಾಗ ಎಲ್ಲವೂ ಕಾಗದದಲ್ಲಿ ಸರಿಯಾಗಿಯೇ ಇರುತ್ತವೆ. ಆದರೆ ಆ ಒಳರಸ್ತೆಯು ಪಕ್ಕದ ಸರ್ವೆ ನಂಬರಿನ ಬೇಲಿಗೆ ಬಂದು ನಿಲ್ಲುತ್ತದೆ. ಪಕ್ಕದವರು ಬಡಾವಣೆ ಮಾಡುವಾಗ ಅದರ ಎದುರಿಗೇ ಸೈಟು ಬರೆಯುತ್ತಾರೆ. ಹೀಗೆ ಹತ್ತು ಬಡಾವಣೆ ಎದ್ದ ಮೇಲೆ ಎಲ್ಲ ವಾಹನಗಳಿಗೂ ಹಳೆಯ ಗಾಡಿದಾರಿಯೇ ಗತಿ. ಅದನ್ನು 9 ಮೀಟರ್‌ಗೆ ಅಗಲ ಮಾಡಿದರೂ ಲೆಕ್ಕ ಕೂಡದು: ಎರಡೂ ಬದಿ ಒಂದೊಂದು ಮೀಟರ್ ಚರಂಡಿ, ಎರಡೆರಡು ಮೀಟರ್ ನಿಂತ ಕಾರು ಕಳೆದರೆ ಉಳಿಯುವುದು 3 ಮೀಟರ್. ಎರಡೂವರೆ ಮೀಟರ್ ಅಗಲದ ಬಸ್ಸು ಒಂದು ನುಸುಳೀತು, ಎದುರಿಗೆ ಇನ್ನೊಂದು ಬಂದರೆ ಮುಗಿಯಿತು. ಫುಟ್‌ಪಾತ್ ಮಾತು ಬಿಡಿ.

ಇನ್ನೊಂದು ತೊಡಕು ಅದೇ ಕಾಯ್ದೆಯ 69ನೇ ಸೆಕ್ಷನ್. ರಸ್ತೆಗೆಂದು ಯೋಜನೆಯಲ್ಲಿ ಗುರುತಿಸಿದ ಜಮೀನನ್ನು 5 ವರ್ಷದೊಳಗೆ ಒಪ್ಪಂದದಿಂದ ಪಡೆಯದೆ, ಸ್ವಾಧೀನದ ಕ್ರಮವನ್ನೂ ಶುರು ಮಾಡದಿದ್ದರೆ ಆ ಗುರುತೇ ರದ್ದಾಗುತ್ತದೆ. ಮಾಲೀಕರ ದೃಷ್ಟಿಯಿಂದ ಇದು ನ್ಯಾಯವೇ. ತಪ್ಪಿರುವುದು ಹಣವನ್ನೂ ಹಂತವನ್ನೂ ಹೇಳದೆ ಗೆರೆ ಎಳೆಯುವುದರಲ್ಲಿ. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ ಎಂದು ಕಾಯ್ದೆ ಹೇಳಿದರೂ, ಬೆಂಗಳೂರು 2007ರಲ್ಲಿ ಮಂಜೂರಾದ ಯೋಜನೆಯನ್ನೇ ನೆಚ್ಚಿಕೊಂಡು ಬಂತು. 2017ರಲ್ಲಿ ಪ್ರಕಟವಾದ, 2031ರವರೆಗಿನ ಯೋಜನೆಯ ಕರಡನ್ನು 2020ರಲ್ಲಿ ಹಿಂಪಡೆಯಲಾಯಿತು.

ಆದ್ದರಿಂದ ಪ್ರತಿ ಪ್ರಸ್ತಾವಿತ ರಸ್ತೆಯ ಎರಡೂ ಅಂಚುಗಳನ್ನು ಗ್ರಾಮ ನಕ್ಷೆಯ ಮೇಲೆ ಕೂರಿಸಿ, ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ ಹೋಗುತ್ತದೆ ಎಂಬ ಪಟ್ಟಿಯನ್ನು ಕರಡಿನ ಜತೆಗೇ ಕೊಡಬೇಕು. ಬಡಾವಣೆಯ ವಿನ್ಯಾಸಕ್ಕೆ ಒಪ್ಪಿಗೆ ಕೊಡುವ ಮುನ್ನ ಸುತ್ತಲಿನ ಮಂಜೂರಾದ ವಿನ್ಯಾಸಗಳನ್ನು ಒಂದೇ ಹಾಳೆಯಲ್ಲಿಟ್ಟು ನೋಡಿ, ರಸ್ತೆಯನ್ನು ಗಡಿಕಲ್ಲಿನವರೆಗೂ ಒಯ್ಯುವ ಷರತ್ತು ಹಾಕಬೇಕು. ರಸ್ತೆ ಜಾಗವನ್ನು ಬಿಟ್ಟುಕೊಡುವ ಪರಿತ್ಯಾಜನಾ ಪತ್ರ ನೋಂದಣಿಯಾಗದೆ ಸೈಟು ಬಿಡುಗಡೆ ಮಾಡಬಾರದು. ಪರಿಹಾರಕ್ಕೆ ಹಣವಿಲ್ಲದ ಕಡೆ ಟಿಡಿಆರ್ (ಬಿಟ್ಟ ಜಾಗಕ್ಕೆ ಬದಲಾಗಿ ಹೆಚ್ಚುವರಿ ಕಟ್ಟಡ ಕಟ್ಟುವ, ಮಾರಬಹುದಾದ ಹಕ್ಕಿನ ಪ್ರಮಾಣಪತ್ರ) ದಾರಿ ಇದೆ, ಆದರೆ ಕಟ್ಟಡಕ್ಕೆ ಬೇಡಿಕೆ ಇಲ್ಲದ ಸಣ್ಣ ಊರಿನಲ್ಲಿ ಆ ಪ್ರಮಾಣಪತ್ರ ಕೊಳ್ಳುವವರು ಸಿಗುವುದಿಲ್ಲ.

ಕರಡಿಗೆ ಆಕ್ಷೇಪಣೆ ಸಲ್ಲಿಸಲು 60 ದಿನ ಇರುತ್ತದೆ. ‘ರಸ್ತೆ ಸಾಲದು’ ಎಂದಷ್ಟೇ ಬರೆದರೆ ‘ಪರಿಶೀಲಿಸಲಾಗಿದೆ’ ಎಂಬ ಷರಾ ಬಿದ್ದು ಕಡತ ಮುಚ್ಚುತ್ತದೆ. ಸರ್ವೆ ನಂಬರ್, ಸ್ಥಳದಲ್ಲಿ ಅಳೆದ ಅಗಲ, ಎಲ್ಲಿಂದ ಎಲ್ಲಿಗೆ ಜೋಡಣೆ ಬೇಕು ಎಂಬುದನ್ನು ಗ್ರಾಮ ನಕ್ಷೆಯ ಪ್ರತಿಯ ಮೇಲೆ ಗುರುತಿಸಿ ಲಗತ್ತಿಸಿ, ಸ್ವೀಕೃತಿ ಪಡೆಯಿರಿ.

– ನಿವೃತ್ತ ನಗರ ಯೋಜಕರು, ತುಮಕೂರು