ಆ ಮುಂದಿನ ವ್ಯಾನ್ ಖಾಲಿ ಅಲ್ಲ

ಚಿ. ಮೇಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಅಂದೆಯಲ್ಲ, "ಬ್ರಿಟನ್ನಿನ ಹಳೇ ರೈಲುಗಳ ಮುಂದೆ ಒಂದು ಲಗೇಜ್ ವ್ಯಾನ್ ಸುಮ್ನೆ ಓಡುತ್ತೆ, ಅಷ್ಟೂ ಜಾಗ ದಂಡ" ಅಂತ. ಅವತ್ತು ನಾನು ಉತ್ತರ ಕೊಡಲಿಲ್ಲ. ಆದರೆ ಆ ಮಾತು ಮನಸ್ಸಿನಲ್ಲೇ ಉಳಿಯಿತು, ಅದಕ್ಕೇ ಈ ಕಾಗದ.

1984ರ ಜುಲೈ 30, ಸ್ಕಾಟ್ಲೆಂಡ್. ಎಡಿನ್‌ಬರೋದಿಂದ ಗ್ಲಾಸ್ಗೋಗೆ ಹೊರಟ ರೈಲು ಪೋಲ್‌ಮಾಂಟ್ ಹತ್ತಿರ ಬಂದಿತ್ತು. ಎಂಜಿನ್ ಹಿಂದಿನಿಂದ ತಳ್ಳುತ್ತಿತ್ತು. ಹಾಗೆ ಮಾಡಿದರೆ ಕೊನೆಯ ಸ್ಟೇಶನ್ನಿನಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುವ ಕೆಲಸ ಉಳಿಯುತ್ತದೆ, ಅಲ್ವಾ? ಮುಂದೆ ಇದ್ದದ್ದು ಡ್ರೈವರ್ ಕ್ಯಾಬ್ ಕೂರಿಸಿದ ಹಗುರವಾದ ಬೋಗಿ. ಅದರಲ್ಲಿ ಪ್ರಯಾಣಿಕರೂ ಇದ್ದರು. ಹಳಿಯ ಮೇಲೆ ಒಂದು ಹಸು ಅಡ್ಡ ಬಂತು. ಬೋಗಿ ಹಳಿ ತಪ್ಪಿತು. 13 ಜನ ಸತ್ತರು. ಬರೀ ಒಂದು ಹಸುವಿನಿಂದ, ಮೇಘಾ.

ಆಮೇಲೆ ಇನ್ನೂ ಜೋರಾಗಿ ಓಡುವ ರೈಲುಗಳು ಬಂದವು. ಗಂಟೆಗೆ 100 ಮೈಲಿ ದಾಟುವ ರೈಲಿನ ಮುಂದಿನ ಗಾಡಿಯಲ್ಲಿ ಯಾರೂ ಕೂರಬಾರದು ಅನ್ನುವ ನಿಯಮ ಆಗ ಇತ್ತು. ಹಾಗೆ ಹುಟ್ಟಿದ್ದೇ ಈ ಡ್ರೈವಿಂಗ್ ವ್ಯಾನ್. ಒಳಗೆ ಲಗೇಜ್, ಗಾರ್ಡಿಗೆ ಜಾಗ, ಮೂತಿಯಲ್ಲಿ ಡ್ರೈವರ್. ದೂರದಿಂದ ನೋಡಿದರೆ ಎಂಜಿನ್ನೇ ಅನ್ನಿಸುತ್ತದೆ. ಲಂಡನ್ನಿನಿಂದ ಗ್ಲಾಸ್ಗೋಗೆ ಹೋಗುವ ವೆಸ್ಟ್ ಕೋಸ್ಟ್ ಲೈನಿಗೆ ಬೇಕಾದ 52 ವ್ಯಾನ್‌ಗಳನ್ನು 1988ರಿಂದ ಕಟ್ಟಿದ್ದು ನೀನಿರುವ ಡರ್ಬಿಯಲ್ಲೇ!

ವ್ಯಾನ್ ಇದ್ದರೂ ಜನ ಸತ್ತಿಲ್ಲವೇ ಎಂದು ನೀನು ಕೇಳಬಹುದು. ನಿಜ. 2001ರಲ್ಲಿ ಇಂಗ್ಲೆಂಡಿನ ಗ್ರೇಟ್ ಹೆಕ್‌ನಲ್ಲಿ ಅಂಥದೇ ವ್ಯಾನ್ ಮುಂದಿದ್ದ ರೈಲು, ಹೆದ್ದಾರಿಯಿಂದ ಹಳಿಗೆ ಉರುಳಿದ್ದ ಲ್ಯಾಂಡ್ ರೋವರಿಗೆ ಗುದ್ದಿತು. ಹಳಿ ತಪ್ಪಿದರೂ ಬೀಳದೆ ಮುಂದೆ ಹೋಗುತ್ತಿತ್ತು. ಅಷ್ಟರಲ್ಲಿ ಎದುರಿನಿಂದ ಕಲ್ಲಿದ್ದಲಿನ ಗೂಡ್ಸ್ ಬಂತು. 10 ಜನ ಹೋದರು.

ತಿರುವಿನಲ್ಲಿ ವಾಲಿಕೊಂಡು ಓಡುವ ಪೆಂಡೊಲಿನೊದಂಥ ಹೊಸ ರೈಲುಗಳಲ್ಲಿ ಮುಂದಿನ ಗಾಡಿಯಲ್ಲೂ ಜನ ಕೂರುತ್ತಾರೆ, ಗೊತ್ತು. ಅಲ್ಲಿ ಗುದ್ದು ತಡೆಯುವ ಹಾಗೆ ಗಾಡಿಯ ಮೈಯನ್ನೇ ಕಟ್ಟಿದ್ದಾರೆ. ನೀನು ಡ್ರಾಯಿಂಗ್ ಮಾಡುವ ರೈಲಿನಲ್ಲಿ ಸೀಟು ಜಾಸ್ತಿ ಮಾಡಬೇಡ ಅಂತ ನಾನು ಹೇಳುತ್ತಿಲ್ಲ ಮಗಳೇ. ವ್ಯಾನ್ ಮಾಡುತ್ತಿದ್ದ ಕೆಲಸವನ್ನು ನಿನ್ನ ಡ್ರಾಯಿಂಗಿನಲ್ಲಿ ಯಾವುದು ಮಾಡುತ್ತದೆ, ಅದನ್ನು ಮೊದಲು ತೋರಿಸು.

ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಶನ್ನಿನಲ್ಲಿ, ಇಂಥ ವ್ಯಾನ್ ಇರುವ ಹಳೇ ಇಂಟರ್‌ಸಿಟಿ 225 ರೈಲು ನಿಂತಿರುವುದು ಕಂಡರೆ ಸ್ವಲ್ಪ ಹೊತ್ತು ನಿಲ್ಲು. ಸಾಮಾನ್ಯವಾಗಿ ಪ್ಲಾಟ್‌ಫಾರಂ ಒಳಗೆ ಹೋಗುತ್ತಲೇ ಮೊದಲು ಸಿಗುವುದು ಆ ವ್ಯಾನೇ. ಊರಿಗೆ ಬರುವಾಗ ಪೋಲ್‌ಮಾಂಟ್ ವಿಚಾರಣೆಯ ವರದಿ ತಾ, ಇಬ್ಬರೂ ಕೂತು ಓದೋಣ.

ನಿನ್ನ ದೊಡ್ಡಪ್ಪ