ಶೀಟ್ ಇಳಿಸಿದರೆ ತಪ್ಪು, ಹಾಲ್ ಕಟ್ಟಿದರೆ ವಿಸ್ತರಣೆ?

ಮಾನ್ಯರೆ,

ಬನ್ನೇರುಘಟ್ಟ ಕಾಡಿನ ಅಂಚಿನಲ್ಲಿ ನಂದೊಂದು ಸಣ್ಣ ಹೋಟೆಲ್ ಇದೆ. ಆರು ಬೆಂಚು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ ಊಟ. ಭಾನುವಾರ ಬಂದವರು ತಟ್ಟೆ ಹಿಡಿದು ಬೈಕ್ ಮೇಲೆ ಕೂತು ತಿನ್ನುತ್ತಾರೆ, ಮಳೆ ಬಂದರೆ ಎಲ್ಲರೂ ಒಳಗೆ ನುಗ್ಗುತ್ತಾರೆ, ಆಗ ಸಾಂಬಾರ್ ಬಕೆಟ್ ಹಿಡಿದು ಓಡಾಡಲೂ ಜಾಗ ಇರುವುದಿಲ್ಲ. ಹೋಟೆಲಿನ ಹಿಂಭಾಗಕ್ಕೆ ಹತ್ತಡಿ ಶೀಟ್ ಇಳಿಸೋಣ ಅಂತ ಅರ್ಜಿ ಕೊಟ್ಟೆ. ಆಗಲ್ಲ ಅಂದರು. ಇದು ಪರಿಸರ ಸೂಕ್ಷ್ಮ ವಲಯ, ಅಂದರೆ ಕಾಡಿನ ರಕ್ಷಣೆಗೆ ಅದರ ಸುತ್ತ ಗುರುತಿಸಿದ ಜಾಗ, ವಾಸಕ್ಕೆ ಮನೆ ಬೇಕಾದರೆ ಕಟ್ಟಿಕೊಳ್ಳಿ, ವ್ಯಾಪಾರಕ್ಕೆ ಹೊಸದಾಗಿ ಕಟ್ಟುವಂತಿಲ್ಲ ಎಂದರು.

ಬೇಜಾರಾಯಿತು, ಆದರೂ ಒಪ್ಪಿಕೊಂಡೆ. ರಾತ್ರಿ ಆನೆ ಬಂದು ರಾಗಿ ಹೊಲ ತುಳಿದು ಹೋಗುವ ಊರು ನಮ್ಮದು. ಕಾಡಿನ ಪಕ್ಕ ಜಾಸ್ತಿ ಕಟ್ಟಿದರೆ ಆನೆ ಯಾರ ಹೊಲಕ್ಕೆ ಬರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ನನ್ನ ಹೋಟೆಲಿನಿಂದ ಕೂಗಳತೆ ದೂರದಲ್ಲಿ ಒಂದು ರೆಸಾರ್ಟ್ ಇದೆ. ಅಲ್ಲಿ ಮೊದಲು ಶಾಮಿಯಾನ ಬಂತು, ಮದುವೆಗೆ ಅಂತ. ಅದನ್ನು ಬಿಚ್ಚಲೇ ಇಲ್ಲ. ಆಮೇಲೆ ಕೆಳಗೆ ಕಾಂಕ್ರೀಟ್ ಹಾಕಿದರು, ಸುತ್ತ ಇಟ್ಟಿಗೆ ಎದ್ದಿತು, ಈಗ ಅದು ಏಸಿ ಹಾಲ್. ಕೇಳಿದರೆ ಹೊಸದಲ್ಲ, ಇದ್ದದ್ದನ್ನೇ ವಿಸ್ತರಿಸಿದ್ದೇವೆ ಅಂತಾರೆ. ನಂದೂ ಅದೇ ಅಲ್ವಾ ಸ್ವಾಮಿ?

ಈ ವಲಯ ಮೊದಲೇ ಸಾಕಷ್ಟು ಸಣ್ಣದಾಗಿದೆ. 2016ರ ಕರಡಿನಲ್ಲಿ 268.96 ಚದರ ಕಿ.ಮೀ. ಇದ್ದದ್ದು, 2020ರ ಮಾರ್ಚ್‌ನಲ್ಲಿ ಅಂತಿಮ ಅಧಿಸೂಚನೆ ಬರುವಷ್ಟರಲ್ಲಿ 168.84ಕ್ಕೆ ಇಳಿದಿತ್ತು. ಉಳಿದಿರುವುದಕ್ಕೂ 'ಈಗ ಕಟ್ಟಿಬಿಡು, ಆಮೇಲೆ ದಂಡ ಕಟ್ಟಿದರಾಯಿತು' ಅನ್ನುವ ಲೆಕ್ಕವೇ ನಡೆದರೆ, ಅರ್ಜಿ ಕೊಟ್ಟು ಕಾಯುವ ನನ್ನಂಥವನು ಪೆದ್ದ ಅಷ್ಟೇ.

ನಿಯಮ ಸಡಿಲಿಸಿ ಅಂತ ನಾನು ಕೇಳುತ್ತಿಲ್ಲ. ವಲಯದ ಒಳಗಿರುವ ಪ್ರತಿ ರೆಸಾರ್ಟ್, ಕಲ್ಯಾಣ ಮಂಟಪ, ಹೋಟೆಲಿನ ಗೇಟಿಗೆ ಒಂದು ಬೋರ್ಡ್ ಹಾಕಿಸಿ. ಸರ್ವೆ ನಂಬರ್, ಭೂ ಪರಿವರ್ತನೆ ಆದೇಶದ ನಂಬರ್, ಎಷ್ಟು ಚದರಡಿಗೆ ಅನುಮತಿ, ಯಾವತ್ತು ಕೊಟ್ಟದ್ದು. ಇಷ್ಟಿದ್ದರೆ ಸಾಕು, ಅಳತೆ ಟೇಪನ್ನು ಊರಿನವರೇ ಹಿಡಿಯುತ್ತೇವೆ. ನನ್ನ ಬಾಗಿಲಿಗೇ ಮೊದಲು ಹಾಕಿ, ಬೇಡ ಅನ್ನಲ್ಲ.

ಆಸೆಯಿಂದ ತಂದ ಆರು ಶೀಟು ಹಿಂದಿನ ಗೋಡೆಗೆ ಒರಗಿಕೊಂಡೇ ಇವೆ. ಸದ್ಯಕ್ಕೆ ಅದರ ಸಂದಿಯಲ್ಲಿ ನಮ್ಮ ಕೋಳಿ ಮೊಟ್ಟೆ ಇಡುತ್ತಿದೆ.

– ಒಬ್ಬ ಹೋಟೆಲಿನವ, ಆನೇಕಲ್ ತಾಲ್ಲೂಕು