ಮೋರಿಗೆ ದಿಲ್ಲಿಯ ಅಪ್ಪಣೆ ಬೇಕೇ?

ಮಾನ್ಯರೇ,

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ನಮ್ಮೂರಿನಲ್ಲಿ ಹಳ್ಳಕ್ಕೆ ಅಡ್ಡಲಾಗಿ ರಸ್ತೆಗೆ ಕಟ್ಟಿದ್ದ ಮೋರಿ ಕುಸಿದ ಫೋಟೊ ಬಂದಿತ್ತು. ಅದೇ ಪುಟದ ಕೆಳಗೆ, ದಿಲ್ಲಿಯಲ್ಲಿರುವ ಅಧಿಕಾರವೆಲ್ಲ ಹಳ್ಳಿಗೆ ಬರಲಿದೆ ಎಂಬ ಭಾಷಣದ ವರದಿ. ಬೇಕಂತಲೇ ಒಟ್ಟಿಗೆ ಹಾಕಿದಿರೋ, ಜಾಗ ಸಿಕ್ಕಿತೆಂದು ಹಾಕಿದಿರೋ, ನಮ್ಮ ಮನೆಯಲ್ಲಂತೂ ಎಲ್ಲರೂ ನಕ್ಕೆವು.

ನಿನ್ನೆ ನಗು ಬರಲಿಲ್ಲ. ಮೋರಿ ಹೋಗಿ 11 ದಿನವಾಯಿತು. ಜೀಪು ಆಚೆಯೇ ನಿಲ್ಲುತ್ತದೆ. ಊರವರು ಸೇರಿ ಎರಡು ಅಡಿಕೆ ಮರ ಅಡ್ಡ ಹಾಕಿದ್ದೇವೆ. ನಮ್ಮ ಕೊಡಗಿನ ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆ ನಿಮಗೆ ಗೊತ್ತಲ್ಲ, ಗೋಣಿ ಹಾಸದೆ ಅದರ ಮೇಲೆ ಕಾಲಿಡುವ ಹಾಗಿಲ್ಲ. ಬೆಳಿಗ್ಗೆ ಅಮ್ಮನಿಗೆ ಉಬ್ಬಸ ಜಾಸ್ತಿಯಾಯಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾನೂ ಪಕ್ಕದ ಮನೆಯ ಹುಡುಗನೂ ಹೊತ್ತು ದಾಟಿಸಿದೆವು. ಆ ಉಬ್ಬಸದಲ್ಲೂ ಅಮ್ಮ ನನಗೆ ಕೊಡೆ ಹಿಡಿಯಲು ನೋಡುತ್ತಿದ್ದರು. ಕುರ್ಚಿಯ ಒಂದು ಕಾಲು ಮುರಿಯಿತು. ನನ್ನ ಚಪ್ಪಲಿ ತೋಡಿನ ಪಾಲಾಯಿತು. ಜಿಗಣೆ ಲೆಕ್ಕ ಬಿಡಿ.

ಮಧ್ಯಾಹ್ನ ಪಂಚಾಯಿತಿಗೆ ಹೋದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಇಲ್ಲ, ಅವರಿಗೆ ಇನ್ನೊಂದು ಪಂಚಾಯಿತಿಯೂ ಇದೆಯಂತೆ. ಇದ್ದವರು, "ದುಡ್ಡಿದೆ ಸಾರ್, ಆದ್ರೆ ಮೋರಿಗೆ ಹಾಕೋ ಹಾಗಿಲ್ಲ" ಎಂದರು. ದಿಲ್ಲಿಯಿಂದ ಪಂಚಾಯಿತಿಗೆ ಬಂದ 15ನೇ ಹಣಕಾಸು ಆಯೋಗದ (2021-26) ದುಡ್ಡಿನಲ್ಲಿ 100ಕ್ಕೆ 60 ರೂಪಾಯಿ ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಂತೆ. ಉಳಿದದ್ದು ಆಗಲೇ ಕ್ರಿಯಾಯೋಜನೆಗೆ ಸೇರಿಹೋಗಿದೆಯಂತೆ. ಮಳೆ ಸುರಿಯುವ ನಮ್ಮ ಊರಿಗೆ ನೀರಿಗೆ ದುಡ್ಡು, ಆ ನೀರು ಹರಿಯುವ ಮೋರಿಗೆ ಇಲ್ಲ! ಕೊನೆಗೆ, ಈ ರಸ್ತೆ ನಮ್ಮದೇ ಅಲ್ಲ, ಜಿಲ್ಲಾ ಪಂಚಾಯಿತಿಯದು ಎಂದರು. ಅಲ್ಲಿ ಯಾರನ್ನು ಕೇಳುವುದು? ಸದಸ್ಯರ ಅವಧಿ 2021ಕ್ಕೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. 1980ರ ದಶಕದಲ್ಲಿ ಪಂಚಾಯಿತಿ ಖಾತೆಯ ಮಂತ್ರಿಯಾಗಿದ್ದ ನಜೀರ್ ಸಾಬರು ತಂದ ಜಿಲ್ಲಾ ಪರಿಷತ್ ಕಾಲದಲ್ಲಿ ಸದಸ್ಯರ ಮನೆ ಅಂಗಳಕ್ಕೇ ಹೋಗಿ ಬೈದು ಬರಬಹುದಿತ್ತು. ಈಗ ಬೈಯಲೂ ಜನ ಇಲ್ಲ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯಲ್ಲಿ ಪಂಚಾಯಿತಿಗೆ ಕೊಡಬಹುದಾದ 29 ವಿಷಯಗಳ ಪಟ್ಟಿ ಇದೆ. 13ನೆಯದು ಏನು ಗೊತ್ತೇ? ರಸ್ತೆ, ಮೋರಿ, ಸೇತುವೆ. ಮೋರಿ ಅಂತಲೇ ಬರೆದಿದೆ ಸ್ವಾಮಿ!

1956ರವರೆಗೆ ಕೊಡಗೇ ಒಂದು ರಾಜ್ಯ. ಮಡಿಕೇರಿಯಲ್ಲೇ ವಿಧಾನಸಭೆ, 24 ಶಾಸಕರು. ಈಗ ಇಬ್ಬರು. ಮತ್ತೆ ರಾಜ್ಯ ಕೊಡಿ ಎನ್ನುತ್ತಿಲ್ಲ, ಸುಮ್ನೆ ನೆನಪಾಯಿತು. ಕಚೇರಿಗಳ ಮಾತು ಬಂತೆಂದು ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಜಮ್ಮಾ ಜಾಗದ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮೀನು) ಪಹಣಿಯಲ್ಲಿ, ಅಂದರೆ ಆರ್‌ಟಿಸಿಯಲ್ಲಿ, ಅಜ್ಜನ ಹೆಸರಿನ ಜಾಗಕ್ಕೆ ಅಪ್ಪನ ಹೆಸರು ಬರಲಿ ಎಂದು ನಾಲ್ಕು ವರ್ಷ ಓಡಾಡಿದೆ. ಅಷ್ಟರಲ್ಲಿ ಅಪ್ಪನೇ ಹೋದರು. ಮೊದಲಿಂದ ಅರ್ಜಿ ಕೊಡಬೇಕಂತೆ. ಸರ್ವೆಯವರು ಬಂದ ದಿನ ಮಾತ್ರ ಊಟಕ್ಕೆ ಕೋಳಿ ಆಗಬೇಕು, ಅದು ಯಾವ ಪಟ್ಟಿಯಲ್ಲಿದೆಯೋ.

ದಿಲ್ಲಿಯವರು ಆ ದುಡ್ಡಿನ ಗಂಟು ಬಿಚ್ಚಿ ಕೊಡಲಿ. ಇಲ್ಲವೇ ಮೋರಿ ಕಟ್ಟಲು ಅಲ್ಲಿಂದಲೇ ಮೇಸ್ತ್ರಿ ಕಳಿಸಲಿ. ಬೆಂಗಳೂರಿನವರು ಚುನಾವಣೆ ಮಾಡಲಿ. ಪಂಚಾಯಿತಿಯವರು ಕಡೇಪಕ್ಷ ಫೋನ್ ಎತ್ತಲಿ. ಭಾಷಣ ಮಾಡಿದವರು ಒಮ್ಮೆ ಆ ಅಡಿಕೆ ಮರದ ಮೇಲೆ ನಡೆದು ನಮ್ಮನೆಗೆ ಕಾಫಿಗೆ ಬರಲಿ. ಗೋಣಿ ನಾನೇ ಹಾಸುತ್ತೇನೆ. ಕುರ್ಚಿ ಮಾತ್ರ ಕೇಳಬಾರದು.

— ಒಬ್ಬ ಸಣ್ಣ ಬೆಳೆಗಾರ, ಮಡಿಕೇರಿ ತಾಲ್ಲೂಕು